ಲಾ ಮೇಷ್ಟ್ರಾಗೋದು ಹೇಗೆ? ಹಾಸನದಲ್ಲಿ ವಾಣಿಜ್ಯ ಕಾನೂನು ಪಾಠ ಮಾಡುವವನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ರಿಸಲ್ಟ್ ಬಂದ ವಾರದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಸಕಲೇಶಪುರದಿಂದ ಒಬ್ಬರು, ಅರಸೀಕೆರೆಯಿಂದ ಇನ್ನೊಬ್ಬರು, ಮಧ್ಯೆ ನಮ್ಮ ಹಳೇ ವಿದ್ಯಾರ್ಥಿಗಳು. ಕೇಳುವುದು ಹೆಚ್ಚುಕಮ್ಮಿ ಒಂದೇ. ಹೇಳಿ ಹೇಳಿ ಸಾಕಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಹಾಸನದಲ್ಲಿ ಕಾಂಟ್ರ್ಯಾಕ್ಟ್, ಕಂಪನಿ ಲಾ, ಬ್ಯಾಂಕಿಂಗ್ ಲಾ ಪಾಠ ಮಾಡುವ ಮೇಷ್ಟ್ರು. ಬರೆದದ್ದರಲ್ಲಿ ಕಾನೂನಿನ ಮಾತೂ ಇದೆ, ನನ್ನ ಸ್ವಂತ ಅಭಿಪ್ರಾಯವೂ ಇದೆ.

ವಾಣಿಜ್ಯ ಕಾನೂನು ಅಂದರೆ ಕಂಪನಿಗಳ ಕಾನೂನು ತಾನೇ?

ಕಂಪನಿ ಅದರಲ್ಲಿ ಒಂದು ಮೂಲೆ. ಕೊಡುವುದು, ಕೊಳ್ಳುವುದು, ಸಾಲ, ಪಾಲು, ಜಾಮೀನು, ಚೆಕ್ಕು ಎಲ್ಲ ಇದರೊಳಗೇ ಬರುತ್ತವೆ. ಬುಡದಲ್ಲಿರುವುದು 1872ರ ಕಾಂಟ್ರ್ಯಾಕ್ಟ್ ಕಾಯ್ದೆ. ಮೊದಲು ಸರಕು ಮಾರಾಟವೂ ಪಾಲುದಾರಿಕೆಯೂ ಅದರ ಹೊಟ್ಟೆಯಲ್ಲೇ ಇದ್ದವು. 1930ರಲ್ಲಿ ಸರಕು ಮಾರಾಟ ಬೇರೆ ಕಾಯ್ದೆಯಾಯಿತು, 1932ರಲ್ಲಿ ಪಾಲುದಾರಿಕೆ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಅದಕ್ಕೇ ಇವತ್ತಿಗೂ ಕಾಂಟ್ರ್ಯಾಕ್ಟ್ ಕಾಯ್ದೆಯ ಪುಸ್ತಕ ತೆರೆದರೆ 75ನೇ ಸೆಕ್ಷನ್ ಆದ ಮೇಲೆ ಒಂದಷ್ಟು ಖಾಲಿ. ಮುಂದಿನದು ಶುರುವಾಗುವುದು 124ಕ್ಕೆ. ಮೊದಲ ವರ್ಷದ ಮಕ್ಕಳು ‘ಸರ್, ನನ್ನ ಪುಸ್ತಕದಲ್ಲಿ ಹಾಳೆ ಹರಿದಿದೆ’ ಅಂತ ಪ್ರತಿ ವರ್ಷ ಬರುತ್ತಾರೆ.

ಇದರ ಜೊತೆಗೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, ಅಂದರೆ ಚೆಕ್ಕು, ಪ್ರೋನೋಟಿನ ಕಾನೂನು. 2013ರ ಕಂಪನಿ ಕಾಯ್ದೆ. ದಿವಾಳಿಗೆ 2016ರ ಸಂಹಿತೆ. ಪಟ್ಟಿ ಇನ್ನೂ ಉದ್ದ ಇದೆ, ಇಲ್ಲಿಗೆ ಸಾಕು.

ಕರಿಕೋಟು ಬಿಟ್ಟು ಮೇಷ್ಟ್ರಾಗಿದ್ದು ಯಾಕೆ?

ಇದಕ್ಕೆ ಒಂದು ತುಂಡು ಚೀಟಿ ಕಾರಣ. ನಮ್ಮದು ಸಕಲೇಶಪುರ ಕಡೆ ಸಣ್ಣ ತೋಟ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಆ ವರ್ಷದ ಚೆರಿ ಕಾಫಿಯನ್ನೆಲ್ಲ ಒಬ್ಬ ವ್ಯಾಪಾರಿಯ ಗೋಡೌನಿಗೆ ಹಾಕಿ ಬಂದರು. ‘ರೇಟು ಆಮೇಲೆ ಮಾಡಿಕೊಳ್ಳೋಣ’ ಎಂದು ಮಾತು. ಕೈಗೆ ಸಿಕ್ಕಿದ್ದು ತೂಕ ಬರೆದ ಚೀಟಿ. ದರ ಇಲ್ಲ, ಸಹಿ ಇಲ್ಲ. ಅಪ್ಪ ದರ ಏರಲಿ ಅಂತ ಕಾದರು. ಏರಿದ ದಿನ ದುಡ್ಡು ಕೇಳಲು ಹೋದರೆ, ‘ನಿಮ್ಮ ಕಾಫಿ ಬಂದ ದಿನವೇ ಮಾರಿಹೋಯ್ತು, ಆ ದಿನದ ರೇಟು ತಗೊಳ್ಳಿ’ ಅಂದರು. ಅಪ್ಪ ತಗೊಂಡು ಬಂದರು. ಬೇರೆ ದಾರಿ ಗೊತ್ತಿರಲಿಲ್ಲ.

ಎಷ್ಟೋ ವರ್ಷ ಆದ ಮೇಲೆ ಎಲ್‌ಎಲ್‌ಬಿ ಎರಡನೇ ಸೆಮಿಸ್ಟರಿನಲ್ಲಿ ಸರಕು ಮಾರಾಟ ಕಾಯ್ದೆ ಓದುತ್ತಿದ್ದೆ. 9ನೇ ಸೆಕ್ಷನ್. ದರ ನಿಗದಿ ಆಗದೇ ಇದ್ದರೆ ಕೊಂಡವನು ನ್ಯಾಯವಾದ ದರ ಕೊಡಬೇಕು ಅಂತಿತ್ತು. ಅಪ್ಪನ ಚೀಟಿ ಕಣ್ಣ ಮುಂದೆ ಬಂತು. ಆಮೇಲೆ ಇನ್ನೂ ದೊಡ್ಡ ಪ್ರಶ್ನೆ ಹೊಳೆಯಿತು. ಅದು ಮಾರಾಟವೋ, ಸುಮ್ನೆ ಇಟ್ಟು ಬಂದದ್ದೋ? ಮಾರಾಟ ಆಗಿದ್ದರೆ ಕಾಫಿಯ ಒಡೆತನ ವ್ಯಾಪಾರಿಗೆ ಹೋಯಿತು. ಅವನು ಮುಳುಗಿದರೆ ಅಪ್ಪ ಬಾಕಿ ಬರಬೇಕಾದವರ ಸಾಲಿನಲ್ಲಿ ನಿಂತು ಕಾಯಬೇಕು. ಇಟ್ಟು ಬಂದದ್ದಾದರೆ ಅದು ಬೈಲ್‌ಮೆಂಟ್, ಕಾಂಟ್ರ್ಯಾಕ್ಟ್ ಕಾಯ್ದೆಯ 148ನೇ ಸೆಕ್ಷನ್. ಕಾಫಿ ಅಪ್ಪನದ್ದೇ, ವಾಪಸ್ ಕೇಳಬಹುದು. ಯಾವುದು ಎಂದು ತೀರ್ಮಾನಿಸುವುದು ಇಬ್ಬರ ಮನಸ್ಸಿನಲ್ಲಿ ಏನಿತ್ತು ಅನ್ನುವುದರ ಮೇಲೆ. ಆ ಮನಸ್ಸನ್ನು ತೋರಿಸಲು ಇದ್ದದ್ದು ಆ ಒಂದು ಚೀಟಿ.

ನಾಲ್ಕು ವರ್ಷ ಹಾಸನದ ಕೋರ್ಟಿನಲ್ಲಿ ಓಡಾಡಿದೆ. ಕೇಸು ಬರುವ ಹೊತ್ತಿಗೆ ಆಗಬೇಕಾದ್ದೆಲ್ಲ ಆಗಿಹೋಗಿರುತ್ತಿತ್ತು. ಇದನ್ನು ಮೊದಲೇ ಹೇಳಿಕೊಡುವ ಕೆಲಸ ಮಾಡೋಣ ಅನ್ನಿಸಿತು.

ಹಾಸನದಂಥ ಊರಿನಲ್ಲಿ ಇದನ್ನು ಓದಿ ಏನು ಪ್ರಯೋಜನ? ಕಾರ್ಪೊರೇಟ್ ಎಲ್ಲ ಬೆಂಗಳೂರಲ್ಲಿ ಅಲ್ವಾ?

ಈ ಪ್ರಶ್ನೆಗೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮೇ ತಿಂಗಳಲ್ಲಿ ಒಂದು ಸಲ ಹಾಸನದ ಎಪಿಎಂಸಿಗೆ ಹೋಗಿ. ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿಗಟ್ಟಲೆ ಬಂದಿರುತ್ತದೆ. ರೈತ ಮೂಟೆ ನೋಡುತ್ತಾನೆ, ಒಳಗೇನಿದೆ ಅಂತ ಅವನಿಗೆ ಗೊತ್ತಾಗುವುದು ಬಿತ್ತಿದ ಮೇಲೆ. ಮೊಳಕೆ ಬಾರದಿದ್ದರೆ ಯಾರನ್ನು ಕೇಳಬೇಕು? ‘ನೋಡಿ ತಾನೇ ತಗೊಂಡಿದ್ದು?’ ಅಂತ ಮಾರಿದವನು ಹೇಳಬಹುದಾ? ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಇರುವುದೇ ಇದಕ್ಕೆ. ಬಿತ್ತನೆಗೆ ಬೇಕು ಅಂತ ಹೇಳಿ, ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಮಾಲು ಬಿತ್ತನೆಗೆ ಯೋಗ್ಯವಾಗಿರಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಕೇಸಿನಲ್ಲಿ ಹೇಳಿದೆ. ಹಾಗಂತ ಎಲ್ಲ ದೂರೂ ಗೆಲ್ಲುವುದಿಲ್ಲ. ಅಂಗಮಾರಿ ರೋಗ ಬಂದದ್ದು ಬೀಜದಿಂದಲೋ ಮಳೆಯಿಂದಲೋ ಎಂದು ತೋರಿಸುವುದು ಸುಲಭ ಅಲ್ಲ. ನಮ್ಮ ತರಗತಿಯಲ್ಲಿ ಇದರ ಮೇಲೆ ಎರಡು ಗಂಟೆ ಜಗಳ ಆಗುತ್ತದೆ.

ಶುಂಠಿಗೆ ಹೊಲ ಕೊಡುವುದನ್ನು ನೋಡಿ. ವರ್ಷಕ್ಕೆ ಎಕರೆಗೆ ಇಷ್ಟು ಅಂತ ಛಾಪಾ ಕಾಗದದಲ್ಲಿ ಬರೆಸುತ್ತಾರೆ. ಆದರೆ 1961ರ ಭೂಸುಧಾರಣಾ ಕಾಯ್ದೆ ಕೃಷಿ ಭೂಮಿಯನ್ನು ಗೇಣಿಗೆ ಕೊಡಲು ಅಡ್ಡ ನಿಲ್ಲುತ್ತದೆ. ಕಾನೂನು ಬೇಡ ಅಂದದ್ದಕ್ಕೆ ಮಾಡಿಕೊಂಡ ಕರಾರು ಕಾಂಟ್ರ್ಯಾಕ್ಟ್ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಎಡವುತ್ತದೆ. ಊರೆಲ್ಲ ಮಾಡುವ ವ್ಯವಹಾರ, ಕೋರ್ಟಿನ ಮುಂದೆ ನಿಲ್ಲುವುದೇ ಕಷ್ಟ! ಇಂಥ ಉದಾಹರಣೆ ಬೆಂಗಳೂರಿನ ಎ.ಸಿ. ರೂಮಿನಲ್ಲಿ ಸಿಗುವುದಿಲ್ಲ.

ಇನ್ನು ಕಾಫಿ. ನಮ್ಮ ಸಕಲೇಶಪುರ, ಬೇಲೂರು ಕಡೆಯ ಬೆಳೆಗಾರ ಮನೆಯ ಜಗಲಿಯಲ್ಲಿ ಕೂತು ಲಂಡನ್, ನ್ಯೂಯಾರ್ಕ್ ದರ ನೋಡುತ್ತಾನೆ. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಡಿಸೆಂಬರಿನಲ್ಲಿ ಒಂದು ದರಕ್ಕೆ ಮಾತು ಕೊಟ್ಟು, ಫೆಬ್ರವರಿಯಲ್ಲಿ ದರ ಜಾಸ್ತಿಯಾದಾಗ ಕಾಫಿ ಕೊಡದಿದ್ದರೆ? ವ್ಯಾಪಾರಿ ಎಷ್ಟು ಪರಿಹಾರ ಕೇಳಬಹುದು? ಕಾಂಟ್ರ್ಯಾಕ್ಟ್ ಕಾಯ್ದೆಯ 73ನೇ ಸೆಕ್ಷನ್‌ನ ಲೆಕ್ಕ ಸಾಮಾನ್ಯವಾಗಿ ಕೊಡಬೇಕಾಗಿದ್ದ ದಿನದ ಮಾರುಕಟ್ಟೆ ದರಕ್ಕೂ ಮಾತಾಡಿದ ದರಕ್ಕೂ ಇರುವ ವ್ಯತ್ಯಾಸ. ಬಾಯಿಮಾತಿನ ಕರಾರೂ ಕರಾರೇ ಅಂದಾಗ ಪ್ಲಾಂಟರ್ ಮನೆಯ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ತರಗತಿಯಲ್ಲಿ ನಿಮಗೆ ಇಷ್ಟವಾದ ಕೇಸು ಯಾವುದು?

ಎಲ್ಲರೂ 1893ರ ಇಂಗ್ಲೆಂಡಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕೇಸಿನಿಂದ ಶುರು ಮಾಡುತ್ತಾರೆ. ಜಾಹೀರಾತಿನಲ್ಲಿ ಕೊಟ್ಟ ಮಾತೂ ಕರಾರಾಗಬಹುದು ಎಂದ ಕೇಸು ಅದು. ನಾನೂ ಹೇಳುತ್ತೇನೆ, ಕಥೆ ಚೆನ್ನಾಗಿದೆ. ಆದರೆ ನನಗೆ ಪ್ರೀತಿ ಕಾಫಿ ಬೋರ್ಡಿನ ಕೇಸು.

ಹಿನ್ನೆಲೆ ಹೇಳಬೇಕು. 1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರುವ ಹಾಗಿರಲಿಲ್ಲ. ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿ ಸೇರಿಸುವ ಒಟ್ಟು ದಾಸ್ತಾನಿಗೆ ಹಾಕಬೇಕು. ಹಣ ಕಂತಿನಲ್ಲಿ ಬರುತ್ತಿತ್ತು. ತೊಂಬತ್ತರ ದಶಕದಲ್ಲಿ ಅದು ಹಂತಹಂತವಾಗಿ ಸಡಿಲವಾಯಿತು, 1996ಕ್ಕೆ ಪೂರ್ತಿ ಮುಕ್ತವಾಯಿತು. ನಮ್ಮ ಕಡೆ ಹಿರಿಯರು ಈಗಲೂ ‘ಬೋರ್ಡ್ ಕಾಲ’ ಅಂತ ಮಾತಾಡುತ್ತಾರೆ, ಕೆಲವರು ಬೈದುಕೊಂಡು, ಕೆಲವರು ನೆನೆಸಿಕೊಂಡು.

ಆ ಕಾಲದಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಬೋರ್ಡಿಗೆ ಹೇಳಿತು: ನೀವು ಬೆಳೆಗಾರರಿಂದ ಕಾಫಿ ಕೊಳ್ಳುತ್ತೀರಿ, ಖರೀದಿ ತೆರಿಗೆ ಕಟ್ಟಿ. ಬೋರ್ಡಿನ ಉತ್ತರ: ನಾವು ಕೊಳ್ಳುತ್ತಿಲ್ಲ. ಕಾನೂನು ಕೊಡು ಅನ್ನುತ್ತದೆ, ಬೆಳೆಗಾರ ಕೊಡುತ್ತಾನೆ. ಒಪ್ಪಿಗೆ ಎಲ್ಲಿದೆ? ಒಪ್ಪಿಗೆ ಇಲ್ಲದೆ ಮಾರಾಟ ಎಲ್ಲಿದೆ? ನನ್ನ ವಿದ್ಯಾರ್ಥಿಗಳಲ್ಲಿ ಮುಕ್ಕಾಲು ಪಾಲು ಈ ಕಡೆಗೇ ಕೈ ಎತ್ತುತ್ತಾರೆ. ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದ್ದು ಇನ್ನೊಂದು. ಕಾನೂನು ಆಯ್ಕೆಯನ್ನು ಬಿಗಿ ಮಾಡಿದೆ ನಿಜ, ಆದರೆ ಒಪ್ಪಿಗೆಯ ಅಂಶ ಪೂರ್ತಿ ಸತ್ತಿಲ್ಲ, ಕೊಟ್ಟ ಮಾಲಿಗೆ ಬೆಲೆಯೂ ಸಿಗುತ್ತದೆ, ಹಾಗಾಗಿ ಇದು ಮಾರಾಟವೇ.

ಈ ತೀರ್ಪನ್ನು ಒಪ್ಪಬೇಕಾ? ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸರ್, ನಮ್ಮ ತಾತನನ್ನು ಕೇಳಿದ್ದರೆ ಒಪ್ಪಿಗೆ ಇತ್ತೋ ಇಲ್ಲವೋ ಹೇಳುತ್ತಿದ್ದರು’ ಅಂದಳು. ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸರಿ, ಓದಿನ ದಾರಿ ಹೇಳಿ.

ಪಿಯುಸಿ ಆದ ಮೇಲೆ ಐದು ವರ್ಷದ ಬಿಎ ಎಲ್‌ಎಲ್‌ಬಿ ಅಥವಾ ಬಿಬಿಎ ಎಲ್‌ಎಲ್‌ಬಿ. ಇಲ್ಲದಿದ್ದರೆ ಯಾವುದಾದರೂ ಡಿಗ್ರಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ 45% ಬೇಕು. ಎಸ್‌ಸಿ, ಎಸ್‌ಟಿಗೆ 40%. ನಮ್ಮ ಜಿಲ್ಲೆಯ ಲಾ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. 2009ರಲ್ಲಿ ಅದು ಶುರುವಾಗುವ ಮುಂಚೆ ನಾವು ಮೈಸೂರು ವಿಶ್ವವಿದ್ಯಾಲಯದ ಕೆಳಗಿದ್ದೆವು.

ಬಿ.ಕಾಂ ಮಾಡಿ ಬಂದವರಿಗೆ ವಾಣಿಜ್ಯ ಕಾನೂನು ಸುಲಭ ಅಂತ ಒಂದು ಮಾತಿದೆ. ಬ್ಯಾಲೆನ್ಸ್ ಶೀಟ್ ನೋಡಿ ಹೆದರುವುದಿಲ್ಲ, ಅಷ್ಟೇ. ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿ ಕನ್ನಡ ಐಚ್ಛಿಕ ಓದಿ ಬಂದವನು. ಒಂದು ವಾಕ್ಯವನ್ನು ನಾಲ್ಕು ಥರ ಓದುವ ಅಭ್ಯಾಸ ಅವನಿಗೆ ಮೊದಲೇ ಇತ್ತು.

ಆಮೇಲೆ ಕಾನೂನಿನ ಸ್ನಾತಕೋತ್ತರ ಡಿಗ್ರಿ, ಎಲ್‌ಎಲ್‌ಎಂ. ಒಂದು ವರ್ಷದ್ದೂ ಇದೆ, ಎರಡು ವರ್ಷದ್ದೂ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಸೇರಬೇಕಾದರೆ ಕ್ಲಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಮೇಷ್ಟ್ರಾಗಲು ಎಲ್‌ಎಲ್‌ಎಂನಲ್ಲಿ 55% ಕಡ್ಡಾಯ. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿ ಮತ್ತು ಅಂಗವಿಕಲರಿಗೆ 5% ವಿನಾಯಿತಿ ಇದೆ. 54ರಲ್ಲಿ ನಿಂತವರ ಗೋಳು ನೋಡಿದ್ದೇನೆ. ದಯವಿಟ್ಟು ಆ ಒಂದು ಅಂಕವನ್ನು ಹಗುರವಾಗಿ ತಗೋಬೇಡಿ.

ನೆಟ್ ಬರೆಯಬೇಕಾ, ಕೆ-ಸೆಟ್ ಸಾಕಾ? ಪಿಎಚ್‌ಡಿ ಇಲ್ಲದಿದ್ದರೆ ಕೆಲಸ ಇಲ್ಲವಂತೆ?

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತ್ತು. ಮುಂದೂಡಿ ಮುಂದೂಡಿ 2023ರಲ್ಲಿ ಕೈಬಿಟ್ಟಿತು. ಈಗ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಸೆಟ್ ಪಾಸಾಗಿದ್ದರೆ ಅರ್ಜಿ ಹಾಕಬಹುದು. ನೆಟ್ ದೇಶಕ್ಕೆಲ್ಲ ನಡೆಯುತ್ತದೆ. ಕೆ-ಸೆಟ್ ಕರ್ನಾಟಕಕ್ಕೆ ಮಾತ್ರ. ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತಿದೆ.

ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಎಲ್ಲರಿಗೂ ಒಂದೇ. ಎರಡನೆಯದು ಕಾನೂನು, 100 ಪ್ರಶ್ನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕಾನೂನು ಪಠ್ಯದಲ್ಲಿ ಹತ್ತು ಘಟಕ, ವಾಣಿಜ್ಯ ಕಾನೂನು ಆರನೆಯದು. ನಾನು ಆ ಆರನೆಯದನ್ನೇ ಅರೆದು ಕುಡಿದು ಉಳಿದದ್ದನ್ನು ಬಿಟ್ಟಿದ್ದೆ. ಮೂರು ಸಲ ಫೇಲು. ನಾಲ್ಕನೇ ಸಲ ಅಂತರರಾಷ್ಟ್ರೀಯ ಕಾನೂನು ಓದಿದೆ, ಪಾಸಾಯಿತು.

ಸಂಬಳ? ನಿಜ ಹೇಳಿ.

ಎರಡು ಲೋಕ ಇದೆ. ಯುಜಿಸಿ ವೇತನ ಸಿಗುವ ಕಾಯಂ ಹುದ್ದೆಯಾದರೆ ಏಳನೇ ವೇತನ ಆಯೋಗದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಭತ್ಯೆ ಬೇರೆ. ಸಹ ಪ್ರಾಧ್ಯಾಪಕರಿಗೆ 1,31,400, ಪ್ರಾಧ್ಯಾಪಕರಿಗೆ 1,44,200ರಿಂದ ಶುರು. ಆ ಮೆಟ್ಟಿಲುಗಳಿಗೆ ಪಿಎಚ್‌ಡಿ ಬೇಕೇ ಬೇಕು, ಜೊತೆಗೆ ವರ್ಷಗಳ ಅನುಭವ ಮತ್ತು ಪ್ರಕಟವಾದ ಲೇಖನಗಳು.

ಇನ್ನೊಂದು ಲೋಕ ಅತಿಥಿ ಉಪನ್ಯಾಸಕರದ್ದು ಮತ್ತು ಸಣ್ಣ ಖಾಸಗಿ ಕಾಲೇಜಿನದ್ದು. ನಾನು ಅಲ್ಲಿ ಆರು ವರ್ಷ ಇದ್ದೆ. ರಜೆಯಲ್ಲಿ ಸಂಬಳ ಇಲ್ಲ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಒಂದು ಕಾಲೇಜಿನಲ್ಲಿ ನಾಲ್ಕು ತಿಂಗಳ ದುಡ್ಡು ಬಾಕಿ ಉಳಿಸಿಕೊಂಡು ‘ಮುಂದಿನ ವಾರ’ ಅನ್ನುತ್ತಿದ್ದರು. ಕರಾರು ಮುರಿದರೆ ಏನು ಪರಿಹಾರ ಅಂತ ಬೆಳಿಗ್ಗೆ ಪಾಠ ಮಾಡಿ, ಮಧ್ಯಾಹ್ನ ಆಫೀಸಿನ ಮುಂದೆ ನಿಲ್ಲುತ್ತಿದ್ದೆ. ಮನೆಯಲ್ಲಿ ತೋಟ ಇತ್ತು, ಬದುಕಿದೆ. ಹೊಸದಾಗಿ ಬರುವವರಿಗೆ ಇದನ್ನು ಮುಚ್ಚಿಡುವುದು ಮೋಸ. ಕಾಯಂ ಹುದ್ದೆ ಕಮ್ಮಿ, ಕಾಯುವವರು ಜಾಸ್ತಿ.

ನಮ್ಮ ವಿಷಯಕ್ಕೆ ಒಂದು ಅನುಕೂಲ ಇದೆ. ಬಿ.ಕಾಂ, ಬಿಬಿಎಗೆ ಬಿಸಿನೆಸ್ ಲಾ ಬೇಕು. ಸಿಎ ಫೌಂಡೇಶನ್ನಿನಲ್ಲಿ ಒಂದು ಪತ್ರಿಕೆಯೇ ಅದು. ಕಂಪನಿ ಸೆಕ್ರೆಟರಿ ಓದುವವರಿಗೂ ಬೇಕು. ಕ್ರಿಮಿನಲ್ ಲಾ ಮೇಷ್ಟ್ರಿಗೆ ಈ ಬಾಗಿಲು ಇಲ್ಲ.

ಪಾಠ ಮಾಡುತ್ತಾ ವಕೀಲಿಕೆಯನ್ನೂ ಮಾಡಬಹುದಾ?

ಪೂರ್ಣಾವಧಿ ಸಂಬಳದ ಮೇಷ್ಟ್ರಾದರೆ ಇಲ್ಲ. ಸನ್ನದು ಅಮಾನತಿನಲ್ಲಿ ಇಡಬೇಕು. ವಕೀಲರಾಗಿದ್ದುಕೊಂಡು ಅರೆಕಾಲಿಕವಾಗಿ ಪಾಠ ಮಾಡಬಹುದು. 1979ರ ನಿಯಮದ ಪ್ರಕಾರ ದಿನಕ್ಕೆ ಮೂರು ಗಂಟೆ ಮೀರಬಾರದು. ಬೆಳಗಿನ ಕ್ಲಾಸು ಮುಗಿಸಿ ಕೋರ್ಟಿಗೆ ಓಡುವ ವಕೀಲ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟು ಜನ. ಅವರ ಪಾಠಕ್ಕೆ ಕೋರ್ಟಿನ ಖಾರ ಇರುತ್ತದೆ.

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆಗುತ್ತಾ?

ನಾನೂ ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ತೀರ್ಪುಗಳು ಇಂಗ್ಲಿಷಿನಲ್ಲಿವೆ, ಅದನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ದಿನಕ್ಕೆ ಒಂದು ಪುಟ ಓದಿ, ಅದನ್ನೇ ಅಮ್ಮನಿಗೆ ಕನ್ನಡದಲ್ಲಿ ಹೇಳಿ. ಅಮ್ಮನಿಗೆ ಅರ್ಥವಾದರೆ ನಿಮಗೂ ಆಗಿದೆ. ಇನ್ನು ಪದಗಳ ವಿಷಯ: ಪುಸ್ತಕದ ‘ಪ್ರತಿಫಲ’ (ಕನ್ಸಿಡರೇಶನ್), ‘ಉಪನಿಧಾನ’ (ಬೈಲ್‌ಮೆಂಟ್) ಇವುಗಳಿಗಿಂತ ಮಂಡಿಯಲ್ಲಿ ಆಡುವ ಮುಂಗಡ, ಬಾಕಿ, ಕೈಸಾಲ, ಜಾಮೀನು, ವಾಯಿದೆ ಇವುಗಳೇ ತರಗತಿಯಲ್ಲಿ ಕೆಲಸಕ್ಕೆ ಬರುತ್ತವೆ.

ಊರಿನವರು ಪುಕ್ಕಟೆ ಸಲಹೆ ಕೇಳುತ್ತಾರಾ?

ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಹತ್ತರಲ್ಲಿ ಏಳು ಚೆಕ್ಕಿನದ್ದೇ. ಕೈಸಾಲಕ್ಕೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿರುತ್ತಾರೆ. ‘ಮೊತ್ತ ನಾನು ಬರೆದಿಲ್ಲ ಸರ್, ಕೇಸು ನಿಲ್ಲಲ್ಲ ಅಲ್ವಾ?’ ನಿಲ್ಲುತ್ತದೆ. ಸಹಿ ನಿಮ್ಮದು ಅಂತ ಒಪ್ಪಿದರೆ, ಸಾಲ ಇತ್ತು ಎಂದೇ ಕೋರ್ಟು ಹಿಡಿದುಕೊಂಡು ಶುರು ಮಾಡುತ್ತದೆ. ಇಲ್ಲ ಅಂತ ತೋರಿಸುವ ಹೊರೆ ನಿಮ್ಮದು. ಇದನ್ನು ಖಚಿತ ಮಾಡಿದ 2010ರ ರಂಗಪ್ಪ ಕೇಸು ನಮ್ಮ ಕರ್ನಾಟಕದಿಂದಲೇ ಹೋದದ್ದು. ಖಾಲಿ ಚೆಕ್ಕಿನ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ.

ಚೆಕ್ಕು ಪಡೆದವರೂ ಎಡವುತ್ತಾರೆ, ದಿನದ ಲೆಕ್ಕದಲ್ಲಿ. ಚೆಕ್ಕಿಗೆ ಮೂರು ತಿಂಗಳ ಆಯಸ್ಸು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್. ನೋಟಿಸ್ ತಲುಪಿದ ಮೇಲೆ 15 ದಿನ ಕಾಯಬೇಕು. ಆಮೇಲೆ ಒಂದು ತಿಂಗಳೊಳಗೆ ದೂರು. ‘ಪಾಪ, ಕೊಡ್ತೀನಿ ಅಂದ’ ಅಂತ ಆರು ತಿಂಗಳು ಸುಮ್ನೆ ಕೂತು ಬರುವವರೇ ಜಾಸ್ತಿ. ನಾನು ಇಷ್ಟು ಹೇಳಿ, ವಕೀಲರನ್ನು ನೋಡಿ ಅಂತ ಕಳಿಸುತ್ತೇನೆ. ಸನ್ನದು ಅಮಾನತಿನಲ್ಲಿರುವವನು ಅದಕ್ಕಿಂತ ಮುಂದೆ ಹೋಗಬಾರದು.

ಕಾನೂನು ಬದಲಾಗುತ್ತಲೇ ಇರುತ್ತದಲ್ಲ, ಹಳೇ ನೋಟ್ಸ್ ನಡೆಯುತ್ತಾ?

ಕಾಂಟ್ರ್ಯಾಕ್ಟ್ ಕಾಯ್ದೆಯ ಮೊದಲ 75 ಸೆಕ್ಷನ್‌ಗೆ ನಡೆಯುತ್ತದೆ. ಉಳಿದದ್ದಕ್ಕೆ ಇಲ್ಲ. ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಎಳೆಯಲು ಕನಿಷ್ಠ ಬಾಕಿ 1 ಲಕ್ಷ ಅಂತ ಪಾಠ ಮಾಡಿದ್ದೆ. 2020ರ ಮಾರ್ಚಿನಲ್ಲಿ ಅದು ಒಂದೇ ಏಟಿಗೆ 1 ಕೋಟಿ ಆಯಿತು. ವಾಣಿಜ್ಯ ನ್ಯಾಯಾಲಯಕ್ಕೆ ಹೋಗಲು ಬೇಕಾದ ಕನಿಷ್ಠ ಮೊತ್ತ 1 ಕೋಟಿ ಇದ್ದದ್ದು 2018ರಲ್ಲಿ 3 ಲಕ್ಷಕ್ಕೆ ಇಳಿಯಿತು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ, ಮಕ್ಕಳು ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಬರೆಯುತ್ತಾರೆ.

ಪಿಎಚ್‌ಡಿಗೆ ವಿಷಯ ಹೊಳೆಯುತ್ತಿಲ್ಲ.

ಗೂಗಲ್ ಮುಚ್ಚಿ, ಬೇಲೂರು ಮೇಲೆ ಚಿಕ್ಕಮಗಳೂರಿಗೆ ಒಂದು ಬಸ್ ಹತ್ತಿ. ಸಾಲ ಕಟ್ಟಲಾಗದ ಕಾಫಿ ತೋಟವನ್ನು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ, ಅಂದರೆ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿಯಿಂದ ಸಾಲ ವಸೂಲಿ ಮಾಡುವ ಕಾನೂನಿನಡಿ, ಹರಾಜು ಹಾಕಬಹುದಾ? ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾದರೆ ತೋಟ ಕೃಷಿ ಭೂಮಿಯಾ? ಬೆಳೆಗಾರರಿಗೆ ಇದು ಬದುಕಿನ ಪ್ರಶ್ನೆ. ಇನ್ನೊಂದು: 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು. ಆ ಹೆಸರಿನಿಂದ ಸಣ್ಣ ಬೆಳೆಗಾರನ ಕೈಗೆ ಬೆಲೆ ಬಂತಾ? ಮೂರನೆಯದು: ಸಣ್ಣ ಉದ್ಯಮಗಳಿಂದ ಮಾಲು ಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ, ತಡ ಮಾಡಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಮ್ಮ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನವನು ಯಾಕೆ ಅದನ್ನು ಕೇಳುವುದಿಲ್ಲ? ಕೇಳಿದರೆ ಮುಂದಿನ ಆರ್ಡರ್ ಹೋಗುತ್ತದೆ ಅಂತ ಹೆದರಿಕೆಯಾ? ಇದನ್ನು ಲೈಬ್ರರಿಯಲ್ಲಿ ಕೂತು ಬರೆಯಲು ಆಗುವುದಿಲ್ಲ.

ಮೇಷ್ಟ್ರ ಸಂಶೋಧನೆ ಎಲ್ಲಿಗೆ ತಲುಪಬಹುದು ಎಂದು ಕೇಳುವವರಿಗೆ ಎನ್.ಎಲ್. ಮಿತ್ರ ಅವರ ಹೆಸರು ಹೇಳುತ್ತೇನೆ. ನ್ಯಾಷನಲ್ ಲಾ ಸ್ಕೂಲಿನ ನಿರ್ದೇಶಕರಾಗಿದ್ದವರು. ಬ್ಯಾಂಕ್ ವಂಚನೆಗಳ ಕಾನೂನು ಮಗ್ಗುಲನ್ನು ನೋಡಲು ರಿಸರ್ವ್ ಬ್ಯಾಂಕ್ ಮಾಡಿದ ಸಮಿತಿ ಅವರ ಹೆಸರಿನಲ್ಲೇ ಇದೆ. 2001ರಲ್ಲಿ ವರದಿ ಕೊಟ್ಟರು.

ನಿಮ್ಮ ಕ್ಲಾಸಿನಲ್ಲಿ ಒಂದು ದಿನ ಕೂತು ನೋಡಬಹುದಾ?

ಪ್ರಿನ್ಸಿಪಾಲರನ್ನು ಕೇಳಿ ಬನ್ನಿ, ನನ್ನ ಅಡ್ಡಿ ಇಲ್ಲ. ಬರುವಾಗ ಮನೆಯಲ್ಲಿ ಬಿದ್ದಿರುವ ಹಳೇ ಬಿಲ್ಲೋ, ತೂಕದ ಚೀಟಿಯೋ, ಪ್ರೋನೋಟೋ ಇದ್ದರೆ ತನ್ನಿ. ಹೆಸರಿನ ಮೇಲೆ ಪೇಪರ್ ಅಂಟಿಸಿಕೊಂಡು ಬನ್ನಿ. ಸೋಮವಾರ ಮೊದಲ ಪೀರಿಯಡ್ ನಮ್ಮದು ಚೀಟಿ ಓದುವುದೇ.